ಬಡಾವಣೆಯ ಗೊರಗೊರ: ಸೆಕ್ಷನ್ ಆಫೀಸಿನವರಿಗೂ ನೆರೆಹೊರೆಯವರಿಗೂ ಒಬ್ಬ ಹ್ಯಾಮ್‌ನ ಬಹಿರಂಗ ಪತ್ರ

ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನ ಎಂಜಿನಿಯರ್ ಅವರಿಗೆ, ಹಾಗೇ ನಮ್ಮ ಬಡಾವಣೆಯ ಎಲ್ಲ ಮನೆಯವರಿಗೆ,

ನಮಸ್ಕಾರ.

ಪಿವಿಸಿ ಪೈಪಿಗೆ ಅಳತೆ ಟೇಪಿನ ತುಂಡುಗಳನ್ನು ಕಟ್ಟಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಸಂಜೆ ಹೊತ್ತು ಕರೆಂಟ್ ಕಂಬದ ಕೆಳಗೆ ನಿಂತು ಮೇಲೆ ನೋಡುತ್ತಿದ್ದ ಮನುಷ್ಯ ನಾನೇ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂದಿತ್ತು, ನೋಡಿದೆ. ಒಬ್ಬರು ಮೊಬೈಲ್ ಟವರ್ ಸರ್ವೆ ಅಂದರು. ಇನ್ನೊಬ್ಬರು ಕರೆಂಟ್ ಕಳ್ಳತನ ಹಿಡಿಯೋಕೆ ವಿಜಿಲೆನ್ಸ್‌ನವರು ಬಂದಿದ್ದಾರೆ ಅಂತ ಬರೆದರು, ಅದಾದ ಮೇಲೆ ಯಾಕೋ ಗ್ರೂಪು ಸ್ವಲ್ಪ ಹೊತ್ತು ಗಪ್‌ಚಿಪ್ ಆಯಿತು. ಹಾಲಿನ ಬೂತಿನ ಹತ್ತಿರ ಒಬ್ಬ ಯಜಮಾನರು ಮಾತ್ರ ನೇರವಾಗಿ ಕೇಳಿದರು: "ಬೋರ್‌ವೆಲ್ ಪಾಯಿಂಟ್ ನೋಡ್ತಿದೀರಾ? ಕೈಯಲ್ಲಿ ತೆಂಗಿನಕಾಯಿ ಇಲ್ವಲ್ಲ?"

ಇದ್ಯಾವುದೂ ಅಲ್ಲ. ನಾನೊಬ್ಬ ಹವ್ಯಾಸಿ ರೇಡಿಯೋದವನು, ಹ್ಯಾಮ್. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ಮಾಡಿ ಲೈಸೆನ್ಸ್ ಕೊಡುತ್ತದೆ, ವಿಯು2 ಅಥವಾ ವಿಯು3 ಅಂತ ಶುರುವಾಗುವ ಒಂದು ಕರೆ ಸಂಕೇತ ಕೊಡುತ್ತದೆ, ಅದನ್ನಿಟ್ಟುಕೊಂಡು ನಾವು ದೇಶವಿದೇಶದ ನಮ್ಮಂಥವರ ಜೊತೆ ರೇಡಿಯೋದಲ್ಲಿ ಮಾತಾಡುತ್ತೇವೆ. ನಮ್ಮ ಟೆರೇಸ್ ಮೇಲೆ ಬಟ್ಟೆ ಒಣಗಿಸೋ ತಂತಿ ಥರ ಕಾಣುವುದು ಆಂಟೆನಾ. ನಾನು ಬೀದಿಬೀದಿ ಸುತ್ತಿ ಹುಡುಕುತ್ತಿದ್ದುದು ಒಂದು ಸದ್ದನ್ನು. ನಿಮ್ಮ ಕಿವಿಗೆ ಕೇಳದ, ನನ್ನ ರೇಡಿಯೋಗೆ ಮಾತ್ರ ಕೇಳುವ ಸದ್ದು. ಅದರಲ್ಲಿ ಅರ್ಧ ಸಿಕ್ಕಿದೆ, ತೆಗೆದೂ ಆಗಿದೆ. ಇನ್ನರ್ಧ ಸಿಕ್ಕಿದೆ, ಆದರೆ ತೆಗೆಯೋದು ನನ್ನ ಕೈಯಲ್ಲಿಲ್ಲ. ಅದಕ್ಕೇ ಈ ಪತ್ರ.

ತೊಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮಗೆ ಕೊಟ್ಟಿರುವ ಬ್ಯಾಂಡ್‌ಗಳಲ್ಲಿ 40 ಮೀಟರ್ ಅನ್ನೋದು ಒಂದು, 7.0ರಿಂದ 7.2 ಮೆಗಾಹರ್ಟ್ಸ್. ಬೆಳಿಗ್ಗೆ ಹೊತ್ತು ದಕ್ಷಿಣ ಭಾರತದ ಹ್ಯಾಮ್‌ಗಳೆಲ್ಲ ಸೇರಿ ಹರಟೆ ಹೊಡೆಯುವ ಕಟ್ಟೆ ಅದು. ರೇಡಿಯೋದಲ್ಲಿ ಎಸ್ ಮೀಟರ್ ಅಂತ ಒಂದು ಮುಳ್ಳು ಇರುತ್ತದೆ, ಸಿಗ್ನಲ್ ಎಷ್ಟು ಜೋರಾಗಿದೆ ಅಂತ ತೋರಿಸುತ್ತದೆ. ಯಾರೂ ಮಾತಾಡದಿದ್ದಾಗ ಅದು ಮೂರರ ಹತ್ತಿರ ಇದ್ದರೆ ಊರೊಳಗಿನ ಮನೆಗೆ ಅದೇ ಪುಣ್ಯ. ನನಗೆ ಅದು ಒಂಬತ್ತಕ್ಕೆ ಹೋಗಿ ಅಂಟಿಕೊಂಡಿತ್ತು. ಒಂದೊಂದು ಮೆಟ್ಟಿಲಿಗೆ 6 ಡೆಸಿಬೆಲ್ ಲೆಕ್ಕ. ಮೂರರಿಂದ ಒಂಬತ್ತು ಅಂದರೆ 36 ಡೆಸಿಬೆಲ್, ಅಂದರೆ ಗಲಾಟೆಯ ಶಕ್ತಿ ಸುಮಾರು 4,000 ಪಟ್ಟು ಜಾಸ್ತಿ. ಆಚೆ ಕಡೆಯವರು ನೂರು ವ್ಯಾಟ್‌ನಲ್ಲಿ ಕೂಗಿದರೂ ನನಗೆ ಗೊರಗೊರ ಬಿಟ್ಟು ಬೇರೇನೂ ಕೇಳಲ್ಲ. ನಾನು ಮಾತಾಡಿದ್ದು ಅವರಿಗೆ ಚೆನ್ನಾಗಿ ಕೇಳುತ್ತದೆ, ಅದೇ ತಮಾಷೆ. "ನಿಮ್ಮ ಸಿಗ್ನಲ್ ಸೂಪರ್" ಅಂತ ಅವರು ಹೇಳಿದ್ದೂ ನನಗೆ ಆಮೇಲೆ ಫೋನಿನಲ್ಲೇ ಗೊತ್ತಾಗಿದ್ದು.

ಸುನಾಮಿ ಬಂದಾಗ, ಭೂಕಂಪ ಆದಾಗ ಹ್ಯಾಮ್‌ಗಳು ಸಹಾಯ ಮಾಡಿದ ಕಥೆ ಹೇಳಿ ನಿಮ್ಮನ್ನು ಕರಗಿಸೋಕೆ ನಾನು ಹೋಗಲ್ಲ. ಅದು ನಿಜವೇ. 2004ರ ಡಿಸೆಂಬರ್ 26ರಂದು ಅಂಡಮಾನಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಇತ್ತು, ಸುದ್ದಿ ಹೊರಗೆ ಕಳಿಸೋಕೆ ಅವರು ಪಟ್ಟ ಶ್ರಮ ದೇಶಕ್ಕೇ ಗೊತ್ತು. ಆದರೆ ನನ್ನ ಸಮಸ್ಯೆ ಅಷ್ಟು ದೊಡ್ಡದಲ್ಲ. ಬೆಳಿಗ್ಗೆ ಕಾಫಿ ಕುಡೀತಾ ನಾಲ್ಕು ಜನರ ಮಾತು ಕೇಳಬೇಕು, ಅಷ್ಟೇ.

ಸರಿ, ಹುಡುಕೋದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ "ಇವನು ಸುಮ್ನೆ ನಮ್ಮ ಮನೆ ಕಡೆ ಬೆರಳು ತೋರಿಸ್ತಾನೆ" ಅಂತ ಯಾರಿಗೂ ಅನಿಸಬಾರದು.

ಮೊದಲು ನೋಡಬೇಕಾದ್ದು ಸ್ವಂತ ಮನೆ. ರೇಡಿಯೋವನ್ನು ಬ್ಯಾಟರಿಗೆ ಹಾಕಿ, ಮೀಟರ್ ಬೋರ್ಡಿನ ಮೇನ್ ಸ್ವಿಚ್ ಇಳಿಸಿ ಕೇಳಬೇಕು. ಯುಪಿಎಸ್ ಕೂಡ ಆಫ್ ಮಾಡಬೇಕು, ಇಲ್ಲದಿದ್ದರೆ ಮೇನ್ ತೆಗೆದ ತಕ್ಷಣ ಅದು ಎದ್ದು ಕೂತು ತನ್ನದೇ ಗಲಾಟೆ ಶುರು ಮಾಡುತ್ತದೆ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ, ಒಂದೊಂದೇ ಎಂಸಿಬಿ ಏರಿಸುತ್ತಾ ಹೋದರೆ ಸಿಕ್ಕಿಬೀಳುತ್ತಾನೆ. ನಿಲ್ಲದಿದ್ದರೆ ಮಾತ್ರ ಚಪ್ಪಲಿ ಹಾಕಿಕೊಂಡು ಬೀದಿಗೆ ಇಳಿಯೋ ಹಕ್ಕು ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲ ಆಫ್ ಮಾಡಿದರೂ ಮುಳ್ಳು ಕದಲಲಿಲ್ಲ.

ಇಡೀ ಬೀದಿಗೆ ಕರೆಂಟ್ ಹೋದಾಗ ಎಲ್ಲರೂ ಬೈತಾರೆ. ಹ್ಯಾಮ್‌ಗಳು ಖುಷಿಯಿಂದ ಬ್ಯಾಟರಿ ರೇಡಿಯೋ ಹಚ್ಚುತ್ತಾರೆ. ಪುಕ್ಕಟೆ ಪರೀಕ್ಷೆ ಅದು. ಯಾವ ಫೀಡರ್ (ಒಂದೊಂದು ಏರಿಯಾಕ್ಕೆ ಕರೆಂಟ್ ತರುವ ಲೈನ್) ಹೋದಾಗ ಯಾವ ಸದ್ದು ಹೋಯಿತು, ಬಂದಾಗ ಯಾವುದು ವಾಪಸ್ ಬಂತು ಅಂತ ಬರೆದಿಟ್ಟುಕೊಂಡರೆ ಅರ್ಧ ಊರು ಪಟ್ಟಿಯಿಂದ ಹೊರಗೆ ಹೋಗುತ್ತದೆ.

ಆಮೇಲೆ ಸದ್ದಿನ ಜಾತಕ ಬಿಡಿಸಬೇಕು. ಗಡಿಯಾರ ನೋಡಿಕೊಂಡು ಕೇಳಿದರೆ ಬಹಳ ಗೊತ್ತಾಗುತ್ತದೆ. ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಮುಳುಗುವ ಹೊತ್ತಿಗೆ ನಿಂತರೆ ಯಾರದೋ ಚಾವಣಿಯ ಸೋಲಾರ್ ಇನ್ವರ್ಟರ್. ಮುಸ್ಸಂಜೆಗೆ ಶುರುವಾಗಿ ಬೆಳಕು ಹರಿಯುವಾಗ ನಿಂತರೆ ಬೀದಿ ದೀಪ. ಆಗಾಗ ಒಂದೊಂದು ನಿಮಿಷ ಬಂದು ಹೋದರೆ ಅಪಾರ್ಟ್‌ಮೆಂಟಿನ ಲಿಫ್ಟಿನ ಡ್ರೈವ್ ಇರಬಹುದು. ಸೆಕೆಂಡಿಗೊಂದು ಸಲ ಟಿಕ್... ಟಿಕ್... ಅಂದರೆ ತೋಟದ ಬೇಲಿ. ಕೊಡಗು, ಹಾಸನದ ಕಡೆ ಆನೆ ತಡೆಯೋಕೆ ಸೋಲಾರ್ ಬೇಲಿ ಹಾಕಿರುತ್ತಾರಲ್ಲ, ತಂತಿಗೆ ಹಸಿ ಕೊಂಬೆ ತಾಗಿದರೆ ಒಂದೊಂದು ಮಿಡಿತಕ್ಕೂ ಅಲ್ಲಿ ಕಿಡಿ ಹಾರುತ್ತದೆ, ಅದು ನಮಗೆ ಟಿಕ್ ಅಂತ ಕೇಳುತ್ತದೆ. ಕಾಫಿ ತೋಟದೊಳಗೆ ಮನೆ ಇರುವ ಹ್ಯಾಮ್‌ಗಳನ್ನು ಕೇಳಿ, ಇದರ ಮೇಲೆ ಅರ್ಧ ಗಂಟೆ ಮಾತಾಡುತ್ತಾರೆ. ಒಂದು ರೀತಿಯಲ್ಲಿ ಇವರು ಅದೃಷ್ಟವಂತರು, ಬೇಲಿ ಎಲ್ಲಿ ಸೋರುತ್ತಿದೆ ಅಂತ ತೋಟದ ಮಾಲೀಕನಿಗಿಂತ ಮೊದಲು ಇವರಿಗೇ ಗೊತ್ತಾಗೋದು!

ನನ್ನ ಸದ್ದನ್ನು ಕೂತು ಕೇಳಿದಾಗ ಅದು ಒಂದಲ್ಲ, ಎರಡು ಅಂತ ಗೊತ್ತಾಯಿತು. ಕಂಪ್ಯೂಟರ್ ಪರದೆಯ ಮೇಲೆ ಬ್ಯಾಂಡನ್ನು ಚಿತ್ರದ ಥರ ನೋಡಬಹುದು. ಅದರಲ್ಲಿ ಒಂದು ಸದ್ದು ಸಮ ಅಂತರದಲ್ಲಿ ನಿಂತ ಮಸುಕು ಪಟ್ಟೆಗಳಾಗಿ ಕಾಣುತ್ತಿತ್ತು, ನಿಂತಲ್ಲಿ ನಿಲ್ಲದೆ ನಿಧಾನಕ್ಕೆ ಅತ್ತಿತ್ತ ಜಾರುತ್ತಿತ್ತು. ಅದು ಸ್ವಿಚಿಂಗ್ ಪವರ್ ಸಪ್ಲೈ. ಅಂದರೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಟಿವಿ ಬಾಕ್ಸ್, ಎಲ್ಲದರೊಳಗೂ ಇರುವ ಸಣ್ಣ ಸರ್ಕ್ಯೂಟ್. ಇದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ಸಲ ಆನ್ ಆಫ್ ಮಾಡುತ್ತದೆ. ಬಿಸಿಯಾದ ಹಾಗೆ ಅದರ ವೇಗ ಸ್ವಲ್ಪ ಬದಲಾಗುತ್ತದೆ, ಪಟ್ಟೆ ಜಾರೋದು ಅದಕ್ಕೇ. ಇನ್ನೊಂದು ಒರಟು ಗೊರಗೊರ, ಇಡೀ ಬ್ಯಾಂಡಿನ ತುಂಬ ಒಂದೇ ಸಮ, ಪಟ್ಟೆಗಿಟ್ಟೆ ಏನಿಲ್ಲ. ಅಳೆದರೆ ಸೆಕೆಂಡಿಗೆ 100 ಸಲ ಸಿಡಿಯುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಒಂದು ಆವರ್ತಕ್ಕೆ ಎರಡು ಸಲ ವೋಲ್ಟೇಜ್ ತುದಿಗೆ ಹೋಗುತ್ತದೆ, ಆಗಲೆಲ್ಲ ಎಲ್ಲೋ ಕಿಡಿ ಹಾರುತ್ತಿದೆ ಅಂತ ಅರ್ಥ. ಜೋರು ಮಳೆ ಬಂದ ಕೂಡಲೇ ಇದು ನಿಂತುಹೋಗುತ್ತಿತ್ತು, ಒಣಗಿದ ಮೇಲೆ ವಾಪಸ್. ಹಳೇ ಹ್ಯಾಮ್‌ಗಳು ಮಳೆಯ ವಿಷಯ ಕೇಳಿದ ತಕ್ಷಣ ಹೇಳಿಬಿಟ್ಟರು: "ಕಂಬ ನೋಡಿ ಸ್ವಾಮಿ."

ಮೊದಲನೆಯದು ಬೇಗ ಸಿಕ್ಕಿತು. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಈ ಕೆಲಸ ನೀವೂ ಮಾಡಬಹುದು. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಇಟ್ಟುಕೊಂಡು ನಿಧಾನವಾಗಿ ತಿರುಗಿಸಿ. ಒಳಗೆ ಒಂದು ಫೆರೈಟ್ ಕಡ್ಡಿ ಇರುತ್ತದೆ, ಅದರ ತುದಿ ಸದ್ದಿನ ಮೂಲದ ಕಡೆ ತಿರುಗಿದಾಗ ಸದ್ದು ತಟ್ಟನೆ ಕಮ್ಮಿಯಾಗುತ್ತದೆ. ಹುಡುಕಬೇಕಾದ್ದು ಜೋರಾದ ಕಡೆಯನ್ನಲ್ಲ, ಸತ್ತುಹೋಗುವ ಕಡೆಯನ್ನು, ಏಕೆಂದರೆ ಅದು ಚೂಪಾಗಿರುತ್ತದೆ. ಎರಡು ಜಾಗದಲ್ಲಿ ನಿಂತು ನೋಡಿ, ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಕೂಡುವ ಜಾಗವೇ ಅಂದಾಜು ವಿಳಾಸ. ನನಗೆ ಆ ಗೆರೆಗಳು ಮೂರನೇ ಕ್ರಾಸಿನ ಅಜ್ಜಿಯ ಮನೆ ಮೇಲೆ ಕೂಡಿದವು. (ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಹೋಗಿ ಬಾಗಿಲು ತಟ್ಟಿ, "ಅಜ್ಜಿ, ಐದು ನಿಮಿಷ ನಿಮ್ಮ ಮನೆ ಮೇನ್ ಸ್ವಿಚ್ ಆಫ್ ಮಾಡ್ತೀರಾ?" ಅಂದೆ. ಯಾರಾದರೂ ಹೀಗೆ ಬಂದು ಕೇಳಿದರೆ ನೀವೇ ಏನಂತೀರಿ? ಅವರು ಒಂದು ಸಲ ನನ್ನನ್ನು, ಒಂದು ಸಲ ನನ್ನ ಕೈಯಲ್ಲಿದ್ದ ರೇಡಿಯೋವನ್ನು ನೋಡಿದರು. "ಏಳೂವರೆಗೆ ಧಾರಾವಾಹಿ ಇದೆ. ಅಷ್ಟರೊಳಗೆ ಮುಗಿಸ್ತೀಯೇನಪ್ಪಾ?" ಮುಗಿಸ್ತೀನಿ ಅಂದೆ. ಮೇನ್ ಇಳಿಸಿದರು, ಕೈಯಲ್ಲಿದ್ದ ರೇಡಿಯೋ ತಣ್ಣಗಾಯಿತು. ಏರಿಸಿದರು, ಕಿರ್ರ್ ಅಂತು. ಆಮೇಲೆ ಅಜ್ಜಿಗೇ ಹುಮ್ಮಸ್ಸು ಬಂತು, ಹಾಲ್, ಅಡುಗೆಮನೆ, ದೇವರ ಮನೆ ಅಂತ ಒಂದೊಂದೇ ಸ್ವಿಚ್ ಅವರೇ ಆರಿಸುತ್ತಾ ಬಂದರು. ದೇವರ ಮನೆಯ ಮಂಟಪಕ್ಕೆ ಸುತ್ತಿದ್ದ ಎಲ್‌ಇಡಿ ಪಟ್ಟಿಯ ಅಡಾಪ್ಟರ್! ಹಗಲೂ ರಾತ್ರಿ ಉರಿಯುತ್ತಿತ್ತು, ಮೊಮ್ಮಗ ತಂದುಕೊಟ್ಟಿದ್ದಂತೆ.

ಬೇರೆ ಒಳ್ಳೆ ಅಡಾಪ್ಟರ್ ಹಾಕಿಕೊಟ್ಟು ಹಳೆಯದನ್ನು ಮನೆಗೆ ತಂದು ಬಿಚ್ಚಿದೆ. ಕರೆಂಟ್ ಒಳಗೆ ಬರುವ ಕಡೆ ಫಿಲ್ಟರ್ ಕಾಯಿಲ್ ಮತ್ತು ಕೆಪಾಸಿಟರ್‌ಗೆ ಬೋರ್ಡಿನ ಮೇಲೆ ಜಾಗ ಅಚ್ಚಾಗಿದೆ, ಗುರುತೂ ಬರೆದಿದೆ. ಕೆಪಾಸಿಟರ್ ಜಾಗ ಖಾಲಿ. ಕಾಯಿಲ್ ಇರಬೇಕಾದ ಕಡೆ ಎರಡು ತುಂಡು ತಂತಿ ಬೆಸೆದಿದ್ದಾರೆ. ಅಂದರೆ ಡಿಸೈನ್ ಮಾಡಿದವನಿಗೆ ಫಿಲ್ಟರ್ ಬೇಕು ಅಂತ ಗೊತ್ತಿತ್ತು, ಜೋಡಿಸುವಾಗ ನಾಲ್ಕು ಕಾಸು ಉಳಿಸಿದರು. ಫಿಲ್ಟರ್ ಇಲ್ಲದಿದ್ದರೂ ದೀಪ ಉರಿಯುತ್ತದೆ, ಕೊಂಡವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಒಳಗಿನ ಗಲಾಟೆ ಮನೆಯ ವೈರಿಂಗಿಗೆ ಬರುತ್ತದೆ, ವೈರಿಂಗೇ ಆಂಟೆನಾ ಆಗಿಬಿಡುತ್ತದೆ. ಬದಲಿಸಲಾಗದ ಸಾಮಾನಾದರೆ ವೈರನ್ನು ಫೆರೈಟ್ ರಿಂಗ್‌ನೊಳಗೆ ಏಳೆಂಟು ಸುತ್ತು ಸುತ್ತಿದರೂ ಸಾಕಷ್ಟು ತಗ್ಗುತ್ತದೆ. ಸುತ್ತು ಎರಡು ಪಟ್ಟಾದರೆ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಅದಕ್ಕೇ ಸುಮ್ನೆ ಒಂದು ಕ್ಲಿಪ್ ಸಿಕ್ಕಿಸಿ "ಏನೂ ಪ್ರಯೋಜನ ಇಲ್ಲ" ಅನ್ನಬೇಡಿ.

ಇದೇನು ನಿನ್ನೊಬ್ಬನ ಹುಚ್ಚು ಅಂತೀರಾ? ಬ್ರಿಟನ್ನಿನ ವೇಲ್ಸ್‌ನಲ್ಲಿ ಅಬರ್‌ಹೋಸನ್ ಅಂತ ಒಂದು ಹಳ್ಳಿ. ಅಲ್ಲಿ ಸುಮಾರು ಒಂದೂವರೆ ವರ್ಷ ದಿನಾ ಬೆಳಿಗ್ಗೆ ಏಳು ಗಂಟೆಗೆ ಇಡೀ ಊರಿನ ಬ್ರಾಡ್‌ಬ್ಯಾಂಡ್ ಬಿದ್ದುಹೋಗುತ್ತಿತ್ತು. ಕೇಬಲ್ ಬದಲಿಸಿದರೂ ಸರಿಹೋಗಲಿಲ್ಲ. ಕೊನೆಗೆ ಎಂಜಿನಿಯರುಗಳು ಬೆಳಗಿನ ಜಾವ ಸ್ಪೆಕ್ಟ್ರಂ ಅನಲೈಸರ್ ಹಿಡಿದುಕೊಂಡು ಊರು ಸುತ್ತಿದರು. ಒಂದು ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಹಚ್ಚುತ್ತಿದ್ದ ಹಳೇ ಟಿವಿ ಸಿಕ್ಕಿತು. 2020ರಲ್ಲಿ ಇದು ದೊಡ್ಡ ಸುದ್ದಿ ಆಗಿತ್ತು. 2004ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕಾರ್ವಾಲಿಸ್‌ನಲ್ಲಿ ಇದಕ್ಕಿಂತ ಚಂದ ಆಯಿತು. ಒಬ್ಬ ಹುಡುಗನ ಟಿವಿ ಕೆಟ್ಟು 121.5 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಬಿಡತೊಡಗಿತು. ಅದು ಬಿದ್ದ ವಿಮಾನ, ಮುಳುಗುವ ಹಡಗು "ಕಾಪಾಡಿ" ಅಂತ ಕೂಗುವ ಫ್ರೀಕ್ವೆನ್ಸಿ. ಉಪಗ್ರಹ ಅದನ್ನು ಕೇಳಿಸಿಕೊಂಡಿತು, ರಕ್ಷಣಾ ಪಡೆಯವರು ಪೊಲೀಸರ ಜೊತೆ ಮನೆ ಬಾಗಿಲಿಗೆ ಬಂದರು. ಟಿವಿ ಹಚ್ಚಿದರೆ ದಿನಕ್ಕೆ 10,000 ಡಾಲರ್ ದಂಡ ಬೀಳಬಹುದು ಅಂತ ಎಚ್ಚರಿಕೆಯನ್ನೂ ಕೊಟ್ಟರು. ಅಂಥ ಕರೆಗಳನ್ನು ನಮ್ಮ ದೇಶಕ್ಕಾಗಿ ನೋಡಿಕೊಳ್ಳುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಸುಳ್ಳು ಕರೆಗಳ ಕಾಟ ಎಷ್ಟಿತ್ತು ಅಂದರೆ 2009ರ ಫೆಬ್ರವರಿಯಿಂದ ಉಪಗ್ರಹಗಳು 121.5 ಅನ್ನು ಕೇಳೋದನ್ನೇ ಬಿಟ್ಟವು, ಈಗ 406 ಮೆಗಾಹರ್ಟ್ಸ್ ಮಾತ್ರ.

ಹ್ಯಾಮ್‌ಗಳಿಗೆ ಈ ಹುಡುಕಾಟ ಹೊಸದೇನಲ್ಲ. 1976ರಲ್ಲಿ ಲೋಕದ ತುಂಬ ಶಾರ್ಟ್‌ವೇವ್ ಮೇಲೆ ಸೆಕೆಂಡಿಗೆ ಹತ್ತು ಸಲ ಟಕಟಕ ಅನ್ನುವ ಸದ್ದು ಶುರುವಾಯಿತು, ಮರಕುಟಿಗ ಅಂತಲೇ ಅದಕ್ಕೆ ಹೆಸರು ಬಿತ್ತು. ದಿಕ್ಕು ನೋಡಿ ನೋಡಿ ಅದು ಸೋವಿಯತ್ ಒಕ್ಕೂಟದಿಂದ ಬರುತ್ತಿದೆ ಅಂತ ಕಂಡುಕೊಂಡವರಲ್ಲಿ ಹ್ಯಾಮ್‌ಗಳೂ ಇದ್ದರು. ಚೆರ್ನೋಬಿಲ್ ಹತ್ತಿರದ ದೊಡ್ಡ ರೇಡಾರ್ ಅದು, 1989ರವರೆಗೂ ಬಡಿಯಿತು. ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕಿಕೊಂಡು ಕಾಡಿನಲ್ಲಿ ಓಡುವುದನ್ನು ನಾವು ಆಟವಾಗಿಯೂ ಆಡುತ್ತೇವೆ, ಫಾಕ್ಸ್ ಹಂಟ್ ಅಂತ. 1980ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ಪೇ ಇದೆ. ಆದ್ದರಿಂದ ನಾನು ಆಂಟೆನಾ ಹಿಡಿದು ತಿರುಗಿದ್ದಕ್ಕೆ ಮನೆಯವರು ಗಾಬರಿಯಾಗಲಿಲ್ಲ.

ಈಗ ಎರಡನೇ ಸದ್ದು. ಎಂಜಿನಿಯರ್ ಅವರೇ, ಇಲ್ಲಿಂದ ಮುಂದಿನದು ನಿಮಗೆ.

ಕಂಬದ ಸದ್ದು ಹುಡುಕೋದು ಕಷ್ಟ, ಯಾಕಂದ್ರೆ ಅದು ನಿಮ್ಮ ತಂತಿಯನ್ನೇ ಹಿಡಿದುಕೊಂಡು ಒಂದೆರಡು ಕಿಲೋಮೀಟರ್ ಹೋಗಿಬಿಡುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 42 ಮೀಟರ್ ಹತ್ತಿರ. ಲೈನ್ ಕೆಳಗೆ ನಡೆದರೆ ಸುಮಾರು 20 ಮೀಟರಿಗೊಮ್ಮೆ ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಜೋರಾಗಿ ಕೇಳಿದ ಕಂಬವೇ ಕಳ್ಳ ಅಂದುಕೊಂಡರೆ ನಾಲ್ಕು ಕಂಬದ ಮೇಲೆ ಸುಳ್ಳು ಆರೋಪ ಹೊರಿಸಿದಂತೆ. ಹಾಗಾಗಿ ಹತ್ತಿರ ಹೋದ ಹಾಗೆ ಫ್ರೀಕ್ವೆನ್ಸಿ ಏರಿಸುತ್ತಾ ಹೋಗಬೇಕು. ಕಿಡಿಯ ಸದ್ದು ಮೇಲಿನ ಫ್ರೀಕ್ವೆನ್ಸಿಗಳಲ್ಲಿ ದುರ್ಬಲ, ದೂರ ಹೋಗಲ್ಲ. 145 ಮೆಗಾಹರ್ಟ್ಸ್‌ನಲ್ಲಿ ಕೇಳಿದರೆ ಹತ್ತಿರ ಬಂದಿದ್ದೇವೆ ಅಂತ ಲೆಕ್ಕ, 435ರಲ್ಲೂ ಕೇಳಿದರೆ ಬುಡದಲ್ಲೇ ಇದ್ದೇವೆ ಅಂತ. ರಿಸೀವರ್ ಎಎಂನಲ್ಲಿ ಇರಬೇಕು, ಎಫ್‌ಎಂ ಇಂಥ ಸದ್ದನ್ನು ನುಂಗಿಬಿಡುತ್ತದೆ. ನೀವೆಲ್ಲ ನೋಡಿದ ಅಳತೆ ಟೇಪಿನ ಆಂಟೆನಾ ಇದಕ್ಕೇ. ಮೂರು ತುಂಡು ಟೇಪಿನ "ಯಾಗಿ" ಅದು, ಅಂದರೆ ಒಂದು ದಿಕ್ಕಿನ ಸದ್ದನ್ನು ಜೋರಾಗಿ ಹಿಡಿಯುವ ಆಂಟೆನಾ. ಗೇಟಿಗೆ, ಗಿಡಕ್ಕೆ ತಾಗಿದರೆ ಬಾಗುತ್ತದೆ, ಮುರಿಯಲ್ಲ.

ನನ್ನ ನೋಟ್‌ಬುಕ್ಕಿನ ಪ್ರಕಾರ ನಡೆದದ್ದು ಇಷ್ಟು. 40 ಮೀಟರ್‌ನಲ್ಲಿ ಇಡೀ ಬಡಾವಣೆಯೇ ಗೊರಗೊರ. 145ಕ್ಕೆ ಬಂದಾಗ ಆಂಜನೇಯ ದೇವಸ್ಥಾನದ ಹಿಂದಿನ ರಸ್ತೆ ಮಾತ್ರ ಉಳಿಯಿತು. 435ರಲ್ಲಿ ದೇವಸ್ಥಾನದ ಹಿಂದಿನ ಟಿಸಿಗೆ (ಟ್ರಾನ್ಸ್‌ಫಾರ್ಮರ್) ಮುಂಚೆ ಬರುವ, ಜಿಒಎಸ್ (ಲೈನ್ ಕಡಿಯುವ ದೊಡ್ಡ ಸ್ವಿಚ್) ಇರುವ ಒಂದೇ ಕಂಬ. ಸುತ್ತಲೂ ನಾಲ್ಕು ಕಡೆ ನಿಂತು ನೋಡಿದೆ, ಎಲ್ಲ ಕಡೆಯಿಂದಲೂ ಆಂಟೆನಾ ಆ ಕಂಬದ ತಲೆಯನ್ನೇ ತೋರಿಸಿತು. ಮನೆಯಲ್ಲಿ ಹಿಡಿದ ಸದ್ದಿನ ಅಲೆಯ ಚಿತ್ರವನ್ನೂ ಕಂಬದ ಬುಡದಲ್ಲಿ ಹಿಡಿದದ್ದನ್ನೂ ಪಕ್ಕಪಕ್ಕ ಇಟ್ಟೆ, ಕಿಡಿಗಳ ಗುಂಪು, ಅವುಗಳ ನಡುವಿನ ಅಂತರ ಎರಡರಲ್ಲೂ ಒಂದೇ. ಒಂದೊಂದು ಕಿಡಿ ಜಾಗಕ್ಕೂ ಬೆರಳಚ್ಚಿನ ಥರ ತನ್ನದೇ ಆಕಾರ ಇರುತ್ತದೆ, ಅದು ಹೊಂದಿಕೊಂಡರೆ ಅನುಮಾನಕ್ಕೆ ಜಾಗ ಕಡಿಮೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಕಂಬದ ಮೇಲೆ ಯಾವ ನಟ್ಟು ಅನ್ನೋದು ನನಗೆ ಗೊತ್ತಿಲ್ಲ, ಹತ್ತೋದು ನನ್ನ ಕೆಲಸ ಅಲ್ಲ, ಹತ್ತಲೂಬಾರದು.

ಆಫೀಸಿಗೆ ಬಂದೆ. ಅಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದಲೇ ಮಾತಾಡಿಸಿದ.

"ಸರ್, ಮನೇಲಿ ಕರೆಂಟ್ ಇದೆಯಲ್ವಾ?"

"ಇದೆ."

"ವೋಲ್ಟೇಜ್?"

"ಸರಿಯಾಗಿದೆ."

"ಮತ್ತೆ ಕಂಪ್ಲೇಂಟ್ ಏನು ಅಂತ ಬರೀಲಿ ಸರ್?"

ಅವನ ಮೇಲೆ ನನಗೆ ಬೇಜಾರಿಲ್ಲ. ಅವನ ಮುಂದಿದ್ದ ಪಟ್ಟಿಯಲ್ಲಿ ಕರೆಂಟ್ ಇಲ್ಲ, ವೋಲ್ಟೇಜ್ ಕಮ್ಮಿ, ತಂತಿ ಹರಿದಿದೆ, ಬಿಲ್ ತಪ್ಪಾಗಿದೆ, ಇಷ್ಟೇ ಇತ್ತು. "ಕಂಬದ ಮೇಲೆ ಕಿಡಿ" ಅಂತ ಇರಲಿಲ್ಲ. ಕೊನೆಗೆ "ಇತರೆ"ಯಲ್ಲಿ ಬರೆದುಕೊಂಡ. "ಇತರೆ"ಗೆ ಹೋದ ದೂರಿನ ಗತಿ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹೊರಗೆ ಬೈಕ್ ತೆಗೆಯುತ್ತಿದ್ದಾಗ ಒಬ್ಬ ಲೈನ್‌ಮ್ಯಾನ್ ಹತ್ತಿರ ಇದೇ ವಿಷಯ ಹೇಳಿದೆ. ಅವನು ಎರಡನೇ ಮಾತೇ ಆಡಲಿಲ್ಲ: "ಹೂಂ ಸಾರ್, ಆ ಕಂಬ ರಾತ್ರಿ ಹೊತ್ತು ಚುರುಚುರು ಅಂತದೆ." ಅಂದರೆ ವಿಷಯ ಗೊತ್ತಿದ್ದವನಿಗೆ ಬರೆಯುವ ಅಧಿಕಾರವಿಲ್ಲ, ಬರೆಯುವವನಿಗೆ ಬರೆಯೋಕೆ ಜಾಗವಿಲ್ಲ.

ಚುರುಚುರು ಯಾಕೆ ಅಂತ ನಾನು ನಿಮಗೆ ಪಾಠ ಮಾಡಬೇಕಾಗಿಲ್ಲ, ಬಡಾವಣೆಯವರಿಗಾಗಿ ಎರಡು ಮಾತು. ಕಂಬದ ತಲೆಯಲ್ಲಿ ಇರುವ ಲೋಹದ ತುಂಡುಗಳು ಒಂದಕ್ಕೊಂದು ಬಿಗಿಯಾಗಿ ತಾಗಿರಬೇಕು, ಇಲ್ಲವೇ ಸಾಕಷ್ಟು ದೂರ ಇರಬೇಕು. ಬೋಲ್ಟ್ ಸಡಿಲವಾಗಿಯೋ, ತುಕ್ಕು ಹಿಡಿದೋ ಕೂದಲೆಳೆಯಷ್ಟು ಸಂದು ಬಿದ್ದರೆ 11 ಸಾವಿರ ವೋಲ್ಟ್‌ನ ಲೈನ್ ಪಕ್ಕದಲ್ಲಿ ಆ ಸಂದಿನಲ್ಲಿ ಕಿಡಿ ಹಾರುತ್ತದೆ. ಲೈನಿಗೆ ಸೇರದ ತುಂಡಿಗೂ ಇದು ಆಗುತ್ತದೆ, ಪಕ್ಕದಲ್ಲಿ ಅಷ್ಟು ವೋಲ್ಟೇಜ್ ಇದ್ದರೆ ಸಾಕು. ತಂತಿ ಸಡಿಲವಾಗಿ ಜೋತುಬಿದ್ದ ಕಡೆ ಅದನ್ನು ಹಿಡಿದಿರುವ ಬಿಲ್ಲೆಗಳ, ಅಂದರೆ ಡಿಸ್ಕ್ ಇನ್ಸುಲೇಟರ್‌ಗಳ ಕೊಂಡಿಯಲ್ಲೂ ಹೀಗೇ. ಮಳೆ ನೀರು ಆ ಸಂದನ್ನು ತುಂಬಿಬಿಡುವುದರಿಂದ ಕಿಡಿ ನಿಲ್ಲುತ್ತದೆ.

ಇಂಥ ಪ್ರತಿಯೊಂದು ಕಿಡಿಯೂ ನಾಳೆ ಲೈನ್ ಬೀಳಿಸುತ್ತದೆ ಅಂತ ನಾನು ಹೆದರಿಸಲ್ಲ. ಸಡಿಲ ಬ್ರ್ಯಾಕೆಟ್ ಒಂದು ವರ್ಷಗಟ್ಟಲೆ ಗೊರಗೊರ ಅಂತಲೇ ಇರಬಹುದು, ಕರೆಂಟಿಗೆ ಏನೂ ಆಗದೆ. ಆದರೆ ಅದೇ ಸದ್ದು ಕೆಲವು ಸಲ ಬಿಸಿಯಾಗುತ್ತಿರುವ ಜಂಪರ್‌ನದ್ದು (ತಂತಿಗೆ ತಂತಿ ಜೋಡಿಸುವ ತುಂಡು), ಜಿಒಎಸ್‌ನ ಸವೆದ ಬ್ಲೇಡಿನದ್ದು, ಬಿರುಕು ಬಿಟ್ಟ ಪಿನ್ ಇನ್ಸುಲೇಟರ್‌ನದ್ದು. ಯಾವುದು ಯಾವುದು ಅಂತ ಕೆಳಗಿನಿಂದ ನನ್ನ ರೇಡಿಯೋ ಹೇಳಲ್ಲ. ಹತ್ತಿ ನೋಡಬೇಕು. ಮಳೆಗಾಲದ ಮುಂಚೆ ನೀವು ಹೇಗೂ ಮರದ ಕೊಂಬೆ ಕಡಿದು, ಲೈನ್ ನೋಡುತ್ತೀರಿ. ನೂರಾರು ಕಂಬಗಳಲ್ಲಿ ಯಾವುದನ್ನು ಮೊದಲು ಹತ್ತಬೇಕು ಅಂತ ಒಬ್ಬ ಪುಕ್ಕಟೆ ಹೇಳುತ್ತಿದ್ದಾನೆ, ಬರೆದುಕೊಳ್ಳಿ ಅಂತಷ್ಟೇ ಕೇಳುತ್ತಿದ್ದೇನೆ. ದೂರಿನ ಪಟ್ಟಿಗೆ ಒಂದು ಸಾಲು ಸೇರಿಸಿ: ಕಂಬದಲ್ಲಿ ಕಿಡಿ ಅಥವಾ ರೇಡಿಯೋ ಗಲಾಟೆ, ಕಂಬದ ನಂಬರ್ ಇಷ್ಟು. ಕೆಲವು ದೇಶಗಳ ವಿದ್ಯುತ್ ಕಂಪನಿಗಳಲ್ಲಿ ಇದನ್ನೇ ಹುಡುಕೋಕೆ ಉಪಕರಣ ಇಟ್ಟುಕೊಂಡ ಜನ ಇದ್ದಾರೆ, ನಲವತ್ತು ಕಿಲೋಹರ್ಟ್ಸ್ ಸುತ್ತಿನ, ಕಿವಿಗೆ ಕೇಳದ ಸದ್ದು ಹಿಡಿಯುವ ಸಣ್ಣ ಡಿಶ್‌ನಿಂದ ಕೆಳಗೇ ನಿಂತು ಯಾವ ಇನ್ಸುಲೇಟರ್ ಅಂತಲೂ ತೋರಿಸುತ್ತಾರೆ. ಅಷ್ಟೆಲ್ಲ ಬೇಡ, ಸದ್ಯಕ್ಕೆ ಒಂದು ಸಾಲು ಸಾಕು.

ಒಂದು ಮಾತು, ಬಡಾವಣೆಯ ಹುಡುಗರಿಗೆ. ಕಂಬಕ್ಕೆ ಕಲ್ಲು ಹೊಡೆದು, ಕಂಬವನ್ನು ಎಳೆದು ಕಟ್ಟಿದ ಗೈ ವೈರ್ ಅಲ್ಲಾಡಿಸಿ "ಸದ್ದು ಬದಲಾಯ್ತಾ ಅಂಕಲ್?" ಅಂತ ಕೇಳಬೇಡಿ. ಬದಲಾಗುತ್ತದೆ, ನಿಜ. ಅದೇ ಅಪಾಯ. ಸಡಿಲವಾದದ್ದು ತಲೆ ಮೇಲೆ ಬಿದ್ದರೆ ರೇಡಿಯೋ ಹುಡುಕಾಟ ಅಲ್ಲಿಗೇ ಮುಗಿಯಿತು.

ಸರ್ಕಾರಕ್ಕೂ ಒಂದೆರಡು ಮಾತು ಹೇಳದಿದ್ದರೆ ಬಹಿರಂಗ ಪತ್ರ ಅನ್ನಿಸಿಕೊಳ್ಳಲ್ಲ. ಅಡಾಪ್ಟರ್‌ಗೆ, ಎಲ್‌ಇಡಿ ಬಲ್ಬಿಗೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಕಡ್ಡಾಯ ನೋಂದಣಿ ಇದೆ, ಆದರೆ ಅದರ ಗಮನ ಹೆಚ್ಚಾಗಿ ಶಾಕ್, ಬೆಂಕಿ ಇಂಥ ಸುರಕ್ಷತೆಯ ಮೇಲೆ. ರೇಡಿಯೋ ಗಲಾಟೆಗೂ ಮಿತಿ ಇದೆ, ಸಿಸ್ಪರ್ ಅನ್ನುವ ಅಂತಾರಾಷ್ಟ್ರೀಯ ಸಮಿತಿ 1930ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ, ದೀಪಗಳಿಗೆ ಅಂತಲೇ ಸಿಸ್ಪರ್ 15 ಅನ್ನುವ ಮಾನದಂಡ ಇದೆ. ಬೀದಿ ದೀಪಕ್ಕೆ ಟೆಂಡರ್ ಕರೆಯುವಾಗ ವ್ಯಾಟ್, ವಾರಂಟಿ, ಬೆಲೆ ಜೊತೆ ಇದರ ಪರೀಕ್ಷಾ ವರದಿಯನ್ನೂ ಕೇಳಿ. ಅಂಗಡಿಗೆ ಬಂದ ಸಾಮಾನನ್ನೇ ಆಗಾಗ ತೆಗೆದು ಪರೀಕ್ಷಿಸಿ, ಏಕೆಂದರೆ ಪರೀಕ್ಷೆಗೆ ಕೊಟ್ಟ ಅಡಾಪ್ಟರ್‌ನಲ್ಲಿ ಕಾಯಿಲ್ ಇರುತ್ತದೆ, ಅಜ್ಜಿ ಮನೆಗೆ ಬಂದದ್ದರಲ್ಲಿ ತಂತಿ ತುಂಡು ಇರುತ್ತದೆ. ಕರ್ನಾಟಕಕ್ಕೆ ಇದು ಬರೀ ಹ್ಯಾಮ್‌ಗಳ ಗೋಳಲ್ಲ. ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೋ ದೂರದರ್ಶಕ ಇದೆ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಿದ್ದು. 2020ರಲ್ಲಿ ಅದೇ ರಾಮನ್ ಸಂಸ್ಥೆಯವರು ಮೊದಲ ನಕ್ಷತ್ರಗಳ ಕಾಲದ ಸುಳಿವು ಹುಡುಕೋಕೆ ಶರಾವತಿ ಹಿನ್ನೀರಿನ ಮೇಲೆ ಆಂಟೆನಾ ತೇಲಿಸಿದರು. ನೀರಿನ ಮೇಲೆ ಆಂಟೆನಾ ನಡತೆ ಕರಾರುವಾಕ್ಕಾಗಿರುತ್ತದೆ ಅನ್ನೋದು ಮುಖ್ಯ ಕಾರಣ, ಊರಿನ ಗಲಾಟೆಯಿಂದ ದೂರ ಇರೋದೂ ಬೇಕಿತ್ತು. ಅಂಥ ಜಾಗಗಳು ಇನ್ನೆಷ್ಟು ದಿನ ಹಾಗೇ ಇರುತ್ತವೆ ಅಂತ ನನಗಂತೂ ಅನುಮಾನ.

ಬಡಾವಣೆಯವರಿಗೆ ಇಷ್ಟೇ. ನಾನು ಬಾಗಿಲು ತಟ್ಟಿದರೆ ಐದು ನಿಮಿಷ ಮೇನ್ ಆಫ್ ಮಾಡಿ ಸಹಕರಿಸಿ, ಧಾರಾವಾಹಿ ಹೊತ್ತಿಗೆ ಬರಲ್ಲ. ಕೆಟ್ಟ ಅಡಾಪ್ಟರ್ ನಿಮ್ಮದಾದರೆ ಬದಲಿ ನನ್ನ ಖರ್ಚು. ನಾನು ಮಾತಾಡುವಾಗ ನಿಮ್ಮ ಮನೆ ಸ್ಪೀಕರ್‌ನಲ್ಲಿ ಗರಗರ ಬಂದರೆ, ಬಾಗಿಲ ಗಂಟೆ ತಾನೇ ಬಾರಿಸಿದರೆ, ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಡಿ. ಯಾವ ಹೊತ್ತು ಅಂತ ಬರೆದಿಟ್ಟು ನನಗೆ ಹೇಳಿ. ಅದು ನಾನು ಸರಿಮಾಡಬೇಕಾದ್ದು, ಲೈಸೆನ್ಸ್ ಕೊಡುವಾಗಲೇ ಆ ಜವಾಬ್ದಾರಿ ನನ್ನ ಮೇಲೆ ಹಾಕಿದ್ದಾರೆ.

ಎಂಜಿನಿಯರ್ ಅವರೇ, ಕಂಬದ ನಂಬರ್, ಅದರ ಫೋಟೋ, ಸದ್ದಿನ ರೆಕಾರ್ಡಿಂಗ್, ಮಳೆ ಬಂದ ದಿನಗಳ ಟಿಪ್ಪಣಿ, ಎಲ್ಲ ಒಂದು ಫೈಲ್‌ನಲ್ಲಿ ಹಾಕಿ ನಿಮ್ಮ ಆಫೀಸಿನಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇನೆ. ನೀವು ಯಾವತ್ತಾದರೂ ಆ ಲೈನಿಗೆ ಎಲ್‌ಸಿ (ಕೆಲಸಕ್ಕಾಗಿ ಲೈನ್ ಆಫ್ ಮಾಡಿಸುವ ಅನುಮತಿ) ತೆಗೆದುಕೊಂಡು ಜನ ಕಳಿಸುವಾಗ ಅರ್ಧ ಗಂಟೆ ಮುಂಚೆ ನನಗೊಂದು ಫೋನ್ ಮಾಡಿ. ರೇಡಿಯೋ ಹಿಡಿದುಕೊಂಡು ಕಂಬದಿಂದ ದೂರ, ದೇವಸ್ಥಾನದ ಗೋಡೆ ಪಕ್ಕ ನಿಂತಿರುತ್ತೇನೆ. ಅವರು ಬೋಲ್ಟ್ ಬಿಗಿ ಮಾಡಿ ಇಳಿದು, ನೀವು ಲೈನ್ ಚಾರ್ಜ್ ಮಾಡಿದ ಕೂಡಲೇ ಕೆಲಸ ಆಯಿತೋ ಇಲ್ಲವೋ ಅಂತ ಅಲ್ಲೇ ಹೇಳುತ್ತೇನೆ, ಅವರು ಇನ್ನೊಂದು ಸಲ ಬರೋದು ತಪ್ಪುತ್ತದೆ. ಬಂದವರಿಗೆ ಕಾಫಿ ನಮ್ಮ ಮನೆಯಲ್ಲಿ.

ಇಂತಿ,
ನಾಲ್ಕನೇ ಕ್ರಾಸಿನ ಹ್ಯಾಮ್